ಮನೆಗೆ ಬೆಳೆದದ್ದಕ್ಕೆ ಲೆಕ್ಕ ಇಲ್ವಾ?

ಮಾನ್ಯ ಸಂಪಾದಕರೇ,

ಪಟ್ಟಣ ಬಿಟ್ಟು ಹಳ್ಳಿಗೆ ಬಂದು ನೆಮ್ಮದಿ ಕಂಡವರ ಕತೆಗಳು ಪೇಪರಿನಲ್ಲಿ ಆಗಾಗ ಬರುತ್ತಿರುತ್ತವೆ. ಓದಲು ಚೆಂದ. ಹಳ್ಳಿ ಬದುಕು ಸರಳ ಅಂತ ಬೆಳಿಗ್ಗೆ ಐದಕ್ಕೇ ಸಗಣಿ ಬಾಚುವ ನನ್ನ ಹೆಂಡತಿ ಎದುರು ಮಾತ್ರ ಹೇಳಬೇಡಿ! ಇರಲಿ, ನಾನು ಬರೆಯುತ್ತಿರುವುದು ಬೇರೆ ವಿಷಯಕ್ಕೆ, ಸರ್ಕಾರದ ಬೆಳೆ ಸಮೀಕ್ಷೆ ಬಗ್ಗೆ.

ನಮ್ಮದು ಹೊಸದುರ್ಗದ ಕಡೆ ಎರಡು ಎಕರೆ, ಮಳೆ ನಂಬಿದ ಹೊಲ. ಮೊನ್ನೆ ಬೆಳೆ ಬರೆದುಕೊಳ್ಳಲು ಬಂದ ಹುಡುಗ ಬದುವಿನ ಮೇಲೆ ನಿಂತೇ ಒಂದು ಫೋಟೊ ಹೊಡೆದು ‘ರಾಗಿ’ ಅಂತ ಹಾಕಿಕೊಂಡು ಹೊರಟ. ರಾಗಿ ನಿಜ. ಆದರೆ ಎಂಟು ಸಾಲಿಗೊಂದು ಅಕ್ಕಡಿ, ಅಂದರೆ ಬೇರೆ ಬೆಳೆಗೆ ಅಂತ ಬಿಟ್ಟ ಸಾಲು ಇದೆ, ಅದರಲ್ಲಿ ಅವರೆ, ತೊಗರಿ, ಅಲಸಂದೆ, ಅಲ್ಲಲ್ಲಿ ಜೋಳ, ಅಂಚಿಗೆ ಹುಚ್ಚೆಳ್ಳು. ಕರೆದು ತೋರಿಸಿದೆ. ‘ಅವೆಲ್ಲ ಮನೆಗೆ ತಾನೇ ಯಜಮಾನ್ರೆ’ ಅಂದ. ಹೌದಪ್ಪ, ಮನೆಗೇ.

2022ರಲ್ಲಿ ಹಿರಿಯೂರು ಕಡೆಯ ವಾಣಿವಿಲಾಸ ಸಾಗರ ಡ್ಯಾಮು 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ನಾವೆಲ್ಲ ಟೆಂಪೊ ಮಾಡಿಕೊಂಡು ಹೋಗಿ ನೋಡಿ ಬಂದೆವು. ಇನ್ನು ನೀರಿನ ಚಿಂತೆ ಇಲ್ಲ ಅಂದುಕೊಂಡು ನಮ್ಮೂರಲ್ಲಿ ಕೆಲವರು ಅಡಿಕೆ ಸಸಿ ನೆಟ್ಟರು. ಮರುವರ್ಷವೇ ಬರ. ಬೋರು ಬತ್ತಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿಸಿ ಗಿಡ ಉಳಿಸಿಕೊಂಡವರ ಸಾಲ ಇನ್ನೂ ತೀರಿಲ್ಲ. ಅವರನ್ನು ಬೈಯಲ್ಲ, ಅಡಿಕೆ ರೇಟು ನೋಡಿದರೆ ನನಗೂ ಆಸೆ ಆಗುತ್ತದೆ. ಆ ವರ್ಷ ನಮ್ಮ ರಾಗಿಯೂ ಜೊಳ್ಳೇ, ದನಕ್ಕೆ ಹುಲ್ಲಾಯಿತು ಅಷ್ಟೆ. ತೊಗರಿ ಮಾತ್ರ ಬೇರು ಆಳಕ್ಕೆ ಬಿಟ್ಟು ನಿಂತಿತ್ತು, ಅವರೆ ಚಳಿಗಾಲದ ಇಬ್ಬನಿಗೇ ಕಾಯಿ ಕಟ್ಟಿತು. ಆ ಕಾಳು, ಬಚ್ಚಲು ನೀರಿಗೆ ಹಬ್ಬಿದ ಹಿತ್ತಲ ಬಸಳೆ, ನುಗ್ಗೆಸೊಪ್ಪು, ಇಷ್ಟರಲ್ಲೇ ನಮ್ಮ ಸಾರು ನಡೆಯಿತು. ಸಂತೆಯಲ್ಲಿ ಕೊಂಡಿದ್ದು ಈರುಳ್ಳಿ ಒಂದೇ.

ಅವರೆ ಬೀಜ ನಮ್ಮವ್ವಂದು. ಒಲೆ ಬೂದಿ ಬೆರೆಸಿ, ಒಣಗಿದ ಸೋರೆ ಬುರುಡೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೆ ಏರಿಸುತ್ತಾಳೆ. ತುಂಬುವ ಮುಂಚೆ ಒಂದು ಕಾಳು ಹಲ್ಲಿಗಿಟ್ಟು ಕಡಿಯುತ್ತಾಳೆ. ಕಟ್ ಅಂದರೆ ಸರಿ, ಇಲ್ಲದಿದ್ದರೆ ಇನ್ನೆರಡು ದಿನ ಬಿಸಿಲಿಗೆ.

ಈಗ ಟ್ರ್ಯಾಕ್ಟರ್ ಬಂದ ಮೇಲೆ ಅಕ್ಕಡಿ ಬಿಡುವುದೇ ಕಡಿಮೆ ಆಗಿದೆ. ನಮ್ಮೂರಲ್ಲಿ ಎತ್ತು ಉಳಿದಿರುವುದು ಮೂರೇ ಮನೆಯಲ್ಲಿ. ಬರೆದುಕೊಳ್ಳುವವರೂ ಸುಮ್ನೆ ಒಂದೇ ಬೆಳೆ ಹಾಕಿಕೊಂಡು ಹೋದರೆ, ಇಲ್ಲಿ ಇನ್ನೇನು ಬೆಳೆಯುತ್ತಿತ್ತು ಅಂತ ನಾಳೆ ಯಾರಿಗೆ ಗೊತ್ತಾಗಬೇಕು? ಮುಂದಿನ ಸಲ ಬರುವವರಿಗೆ ಬದು ಇಳಿದು ಹೊಲದೊಳಗೆ ನಾಲ್ಕು ಹೆಜ್ಜೆ ಹಾಕಲು ಮೇಲಿನವರು ಹೇಳಲಿ. ಅವರೆ ಕಾಲದಲ್ಲಿ ಬಂದರೆ ಸೊನೆ ಕಾಯಿ ಬಿಡಿಸಿಕೊಂಡೂ ಹೋಗಬಹುದು.

ಒಬ್ಬ ರೈತ, ಹೊಸದುರ್ಗ ತಾಲ್ಲೂಕು