ಬಾಗಿಲಿಗೆ ಅಡ್ಡ ನಿಂತವರಿಗೆ

ಎಂಆರ್‌ಐ ಸುರಕ್ಷತೆ ಮತ್ತು ಹೊಸ ಚಿತ್ರಣ ವಿಧಾನಗಳ ತರಬೇತಿ ಮುಗಿದು, ಕಳೆದ ವಾರ ಪರೀಕ್ಷೆಯ ಫಲಿತಾಂಶವೂ ಕೈಸೇರಿದ ಮೇಲೆ ನನಗೆ ಬಂದ ಅಭಿನಂದನೆಗಳಲ್ಲಿ ದೊಡ್ಡ ಪಾಲು ಬೇರೆಯವರಿಗೆ ಸಲ್ಲಬೇಕಾದದ್ದು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಹಾವೇರಿ ಸೀಮೆಯ ಆಸ್ಪತ್ರೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ರೇಡಿಯಾಲಜಿ ತಂತ್ರಜ್ಞನಾಗಿರುವ ನನ್ನನ್ನು ಈ ತರಬೇತಿಯತ್ತ ತಳ್ಳಿದ್ದು ಒಂದು ರಾತ್ರಿ ನನ್ನಿಂದಾದ ತಪ್ಪು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಆ ರಾತ್ರಿ ಐಸಿಯುನಿಂದ ರೋಗಿಯೊಬ್ಬರನ್ನು ಸ್ಟ್ರೆಚರ್ ಮೇಲೆ ತಂದಾಗ ನಾನು ಕನ್ಸೋಲ್ ಮುಂದೆ ಕುಳಿತು ಹಿಂದಿನ ರೋಗಿಯ ಚಿತ್ರಗಳನ್ನು ಕಳುಹಿಸುವುದರಲ್ಲಿ ಮುಳುಗಿದ್ದೆ; ಎಂಆರ್‌ಐ ಯಂತ್ರವಿರುವ ಮ್ಯಾಗ್ನೆಟ್ ಕೋಣೆಯ ಬಾಗಿಲು ತೆರೆದೇ ಇತ್ತು. ರೋಗಿಯ ಕಾಲುಗಳ ನಡುವೆ, ಹೊದಿಕೆಯ ಕೆಳಗೆ ಉಕ್ಕಿನ ಆಕ್ಸಿಜನ್ ಸಿಲಿಂಡರ್ ಇತ್ತು. ನೋಡಿದವರು ನಮ್ಮ ವಿಭಾಗದ ಆಯಾ ಅಕ್ಕ. "ಇದರಾಗ ಸಿಲಿಂಡರ್ ಐತ್ರಿ, ನಾ ಒಳಗ ಬಿಡೂದಿಲ್ಲ" ಎಂದು ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ಜೊತೆಗೆ ಬಂದಿದ್ದ ಕಿರಿಯ ವೈದ್ಯರು ಗದರಿದರೂ ಅವರು ಕದಲಲಿಲ್ಲ. ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಬಲವಾದ 1.5 ಟೆಸ್ಲಾ ಅಯಸ್ಕಾಂತದ ಎದುರು ಆ ಸಿಲಿಂಡರ್ ಏನಾಗುತ್ತಿತ್ತೆಂಬುದನ್ನು ಊಹಿಸಬೇಕಾಗಿಲ್ಲ: 2018ರ ಜನವರಿಯಲ್ಲಿ ಮುಂಬೈಯಲ್ಲಿ ರೋಗಿಯ ಸಂಬಂಧಿಯೊಬ್ಬರು ಇಂಥದ್ದೇ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡರು. ಸ್ಕ್ಯಾನ್ ನಡೆಯದಿರುವಾಗ ಯಂತ್ರ ಬಂದ್ ಆಗಿರುತ್ತದೆ ಎಂದು ಇಂದಿಗೂ ಬಹಳ ಮಂದಿ, ಆಸ್ಪತ್ರೆಯೊಳಗಿನವರೂ ಸೇರಿ, ನಂಬಿದ್ದಾರೆ. ಅದು ಹಗಲು ರಾತ್ರಿ, ರಜೆಯ ದಿನವೂ ಎಳೆಯುತ್ತಲೇ ಇರುತ್ತದೆ. ಅಕ್ಕನಿಗೆ ಅಂದು ಸರಿಯಾಗಿ ಧನ್ಯವಾದ ಹೇಳಲು ನನಗೆ ಬಾಯಿ ಬರಲಿಲ್ಲ, ಈಗ ಹೇಳುತ್ತಿದ್ದೇನೆ.

ಮರುದಿನ ನಾನೇ ಬರೆದುಕೊಟ್ಟ ವರದಿಯನ್ನು ಓದಿ, ಶಿಕ್ಷೆಯ ಮಾತೆತ್ತದೆ ತರಬೇತಿಗೆ ಕಳುಹಿಸಿದ ವಿಭಾಗದ ಮುಖ್ಯಸ್ಥರಿಗೆ ನಾನು ಋಣಿ. ತಪ್ಪನ್ನು ಮುಚ್ಚಿಡದಂತೆ ಮಾಡಿದ್ದು ಅವರ ಆ ನಡೆಯೇ. ಅನಂತರದ ತಿಂಗಳುಗಳಲ್ಲಿ ಇತರರೂ ತಮ್ಮ ಕೈತಪ್ಪುಗಳನ್ನು ತಾವಾಗಿ ಬರೆದುಕೊಡತೊಡಗಿದರು.

ತರಬೇತಿಯಲ್ಲಿ ಕಲಿಸಿದ ಗುರುಗಳು ಪಾಠವನ್ನು ಆರಂಭಿಸಿದ್ದು ನಾವು ರೋಗಿಗಳಿಗೆ ಕೇಳುವ ಪ್ರಶ್ನೆಗಳಿಂದ. "ನಿಮಗೆ ಪೇಸ್‌ಮೇಕರ್ ಇದೆಯೇ?" ಎಂದರೆ ಇಲ್ಲವೆನ್ನುವ ಅಜ್ಜ, "ಎದ್ಯಾಗ ಬ್ಯಾಟರಿ ಹಾಕ್ಯಾರೇನ್ರಿ?" ಎಂದರೆ ಕೂಡಲೇ ಅಂಗಿ ಸರಿಸಿ ತೋರಿಸುತ್ತಾರೆ. ಮೈಯಲ್ಲಿ ಲೋಹವಿದೆಯೇ ಎಂದು ಕೇಳಿದಾಗ ತಲೆ ಅಲ್ಲಾಡಿಸುವವರು, ಎಂದಾದರೂ ಆಪರೇಷನ್ ಆಗಿದೆಯೇ, ವೆಲ್ಡಿಂಗ್ ಕೆಲಸ ಮಾಡುವಾಗ ಕಣ್ಣಿಗೆ ಕಿಡಿ ಬಿದ್ದಿತ್ತೇ ಎಂದು ಬಿಡಿಬಿಡಿಯಾಗಿ ಕೇಳಿದಾಗ ನೆನಪಿಸಿಕೊಳ್ಳುತ್ತಾರೆ. ನಮ್ಮ ಭಾಗದಲ್ಲಿ ಸೀರೆಯ ಸೇಫ್ಟಿ ಪಿನ್ನು, ಉಡಿದಾರಕ್ಕೆ ಕಟ್ಟಿದ ತಾಯಿತ, ಸೊಂಟಕ್ಕೆ ಸಿಕ್ಕಿಸಿದ ಕೀಲಿಕೈ, ಕಾಲುಂಗುರ ಇವೆಲ್ಲವನ್ನೂ ಹೆಸರು ಹಿಡಿದೇ ಕೇಳಬೇಕು. ತಾಳಿಯನ್ನೋ ಇಷ್ಟಲಿಂಗದ ಕರಡಿಗೆಯನ್ನೋ ತೆಗೆದಿಡಿ ಎನ್ನುವುದು ಎಷ್ಟು ಸೂಕ್ಷ್ಮವಾದ ಮಾತೆಂಬುದು ಯಾವ ಕೈಪಿಡಿಯಲ್ಲೂ ಇಲ್ಲ. ಅವನ್ನು ಮನೆಯವರ ಅಂಗೈಗೇ ಒಪ್ಪಿಸಿ, ಅವರು ಕಣ್ಣೆದುರಿನ ಬೆಂಚಿನ ಮೇಲೆ ಕುಳಿತಿರುವಂತೆ ನೋಡಿಕೊಳ್ಳುವುದನ್ನು ನನಗೆ ಹೇಳಿಕೊಟ್ಟವರು ರೋಗಿಗಳೇ.

ಸುಟ್ಟಗಾಯಗಳ ಬಗ್ಗೆ ನನಗಿದ್ದ ತಿಳಿವಳಿಕೆ ಎಷ್ಟು ತೆಳುವಾಗಿತ್ತೆಂದು ನಾಚಿಕೆಯಾಯಿತು. ಸ್ಕ್ಯಾನ್ ಮಾಡುವಾಗ ಯಂತ್ರ ಹೊರಡಿಸುವ ರೇಡಿಯೋ ತರಂಗಗಳು ಮೈಯಲ್ಲಿ ವಿದ್ಯುತ್ತನ್ನು ಹರಿಸಬಲ್ಲವು. ಕೈಗೆ ಕೈ, ತೊಡೆಗೆ ತೊಡೆ ತಾಗಿ ಒಂದು ಸುತ್ತು ಏರ್ಪಟ್ಟರೆ, ಚರ್ಮ ತಾಗಿದ ಜಾಗ ಸುಡಬಹುದು. ನಮ್ಮ ಹಿರಿಯರಾದರೋ ಯಂತ್ರದೊಳಗೆ ಹೋಗುವ ಮುನ್ನ ದೇವರನ್ನು ನೆನೆದು, ಎದೆಯ ಮೇಲೆ ಕೈ ಮುಗಿದೇ ಮಲಗುತ್ತಾರೆ. ಈಗ ನಾನು ಅವರ ಕೈಗಳನ್ನು ಮೆಲ್ಲಗೆ ಬಿಡಿಸಿ, ನಡುವೆ ಪ್ಯಾಡ್ ಇಟ್ಟು, ಮನಸ್ಸಿನಲ್ಲೇ ಬೇಡಿಕೊಳ್ಳಿ ಎನ್ನುತ್ತೇನೆ. 3 ಟೆಸ್ಲಾ ಯಂತ್ರದಲ್ಲಿ ಅದೇ ರೇಡಿಯೋ ತರಂಗದ ಪಲ್ಸ್‌ಗೆ ದೇಹ ಹೀರುವ ಶಕ್ತಿ 1.5ಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಎಂಬುದನ್ನೂ, ಇಂಪ್ಲಾಂಟ್‌ನ, ಅಂದರೆ ದೇಹದೊಳಗೆ ಅಳವಡಿಸುವ ಸಾಧನದ, ಲೇಬಲ್ ಮೇಲಿನ ಹಳದಿ ತ್ರಿಕೋನವು ಅನುಮತಿಯಲ್ಲ, ಷರತ್ತುಗಳನ್ನು ಹುಡುಕಿ ಓದಬೇಕೆಂಬ ಸೂಚನೆ ಎಂಬುದನ್ನೂ ಭೌತವಿಜ್ಞಾನದ ಉಪನ್ಯಾಸಕಿಯವರು, ನಾನು ಮೂರು ಸಲ ಕೇಳಿದರೂ, ಬೇಸರಿಸದೆ ವಿವರಿಸಿದರು.

ಹೊಸ ವಿಧಾನಗಳ ಪಾಠದಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಡೀಪ್ ಲರ್ನಿಂಗ್, ಅಂದರೆ ಸಾವಿರಾರು ಉದಾಹರಣೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನ, ಬಳಸಿ ಚಿತ್ರವನ್ನು ಕಟ್ಟುವ ಕ್ರಮ. ಕಡಿಮೆ ದತ್ತಾಂಶದಿಂದ ಸ್ವಚ್ಛವಾದ ಚಿತ್ರ ಸಿಗುವುದರಿಂದ ಸಮಯ ಉಳಿಯುತ್ತದೆ, ನೋವಿನಲ್ಲಿರುವವರು ಅಲುಗಾಡದೆ ಮಲಗಬೇಕಾದ ನಿಮಿಷಗಳು ತಗ್ಗುತ್ತವೆ. ಆದರೆ ತೀರ ನುಣುಪಾಗಿ ಕಾಣುವ ಚಿತ್ರದಲ್ಲಿ ರೋಗದ ಸಣ್ಣದೊಂದು ಗುರುತು ಅಳಿಸಿಹೋಗಿರಬಹುದೆಂದು ಎಚ್ಚರಿಸಿ, ಹಳೆಯ ಮತ್ತು ಹೊಸ ವಿಧಾನದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಮಾಡಿಸಿದ ರೇಡಿಯಾಲಜಿಸ್ಟ್‌ಗೆ ವಿಶೇಷ ವಂದನೆ.

ಹೃದಯ ನಿಂತ ರೋಗಿಯನ್ನು ಮ್ಯಾಗ್ನೆಟ್ ಕೋಣೆಯಿಂದ ಹೊರಗೆ ತಂದು, ಅಲ್ಲಿಯೇ ಉಪಚಾರ ನಡೆಸುವ ಅಣಕು ಅಭ್ಯಾಸವನ್ನು ಹಿಂದಿರುಗಿದ ಮೇಲೆ ನಮ್ಮಲ್ಲಿಯೂ ಮಾಡಿದೆವು. ಮೊದಲ ಸಲ ಎಲ್ಲರೂ ಗಂಟಲೊಳಗೆ ನೋಡುವ ಲಾರಿಂಗೊಸ್ಕೋಪು, ಸಿಲಿಂಡರು, ಕತ್ತರಿ ಸಮೇತ ಒಳಗೆ ನುಗ್ಗಲು ಹೊರಟರು. ಐದನೆಯ ಸಲಕ್ಕೆ ಲೋಹದ ವಸ್ತು ಹಿಡಿದು ಒಬ್ಬರೂ ಹೊಸ್ತಿಲು ದಾಟಲಿಲ್ಲ. ಡ್ಯೂಟಿ ಮುಗಿದ ಮೇಲೂ ಉಳಿದು ಅದರಲ್ಲಿ ಪಾಲ್ಗೊಂಡ ನರ್ಸ್‌ಗಳಿಗೂ, ಬೊಂಬೆಯ ಬದಲು ತಾವೇ ರೋಗಿಯಾಗಿ ಮಲಗಿದ ಸೆಕ್ಯುರಿಟಿ ಅಣ್ಣನಿಗೂ, ನಾನು ಊರಲ್ಲಿಲ್ಲದ ತಿಂಗಳುಗಳಲ್ಲಿ ನನ್ನ ರಾತ್ರಿಪಾಳಿಗಳನ್ನು ಹಂಚಿಕೊಂಡ ಇಬ್ಬರು ಸಹೋದ್ಯೋಗಿಗಳಿಗೂ, ಪರೀಕ್ಷೆಯ ಹಿಂದಿನ ವಾರ ಪ್ರಶ್ನೆ ಕೇಳುತ್ತಾ, ಅಯಸ್ಕಾಂತವನ್ನು ತಂಪಾಗಿಡುವ ಹೀಲಿಯಂ ಮೈನಸ್ 269 ಡಿಗ್ರಿಯಲ್ಲಿ ದ್ರವವಾಗಿರುತ್ತದೆಂದು ನನಗಿಂತ ಮೊದಲೇ ಬಾಯಿಪಾಠ ಮಾಡಿಕೊಂಡ ಮಗಳಿಗೂ ನನ್ನ ಕೃತಜ್ಞತೆಗಳು ಸಲ್ಲುತ್ತವೆ.

ಬರುವ ಬುಧವಾರ ರಾತ್ರಿಪಾಳಿಯ ಆಯಾಗಳಿಗೂ ವಾರ್ಡ್ ಬಾಯ್‌ಗಳಿಗೂ ನಮ್ಮದೇ ವಿಭಾಗದಲ್ಲಿ ತರಬೇತಿ ಇಟ್ಟುಕೊಂಡಿದ್ದೇವೆ. ಬಾಗಿಲಿನ ಬಳಿ ರೋಗಿಯನ್ನು ತಡೆದು ಹೊದಿಕೆ ಸರಿಸಿ ನೋಡುವ ಭಾಗವನ್ನು ಆಯಾ ಅಕ್ಕನೇ ಹೇಳಿಕೊಡಲು ಒಪ್ಪಿದ್ದಾರೆ. ವೈದ್ಯರು ಗದರಿದರೆ ಏನು ಮಾಡಬೇಕೆಂಬುದನ್ನೂ ಹೇಳಬೇಕೇ ಎಂದು ಅವರು ನಿನ್ನೆ ಕೇಳಿದರು. ಹೇಳಬೇಕು, ಅಂದು ಗದರಿದ ವೈದ್ಯರೂ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ ಎಂದೆ.