ಮಹಾರಾಣಿಯ ಬೋಗಿ ಮತ್ತು ಒಂದು ಬೋರ್ಡು: ರೈಲ್ವೆ ರಾಜ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರೈಲ್ವೆ ರಾಜ್ಯ ಸಚಿವರೇ, ನಮಸ್ಕಾರ.

ಹೊಸ ರೈಲು ಕೊಡಿ ಅಂತ ಕೇಳುತ್ತಿಲ್ಲ. ಅದನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಿರುವುದು ಒಂದು ಬೋರ್ಡು ಅಷ್ಟೇ. ಬೆಂಗಳೂರು ಸಿಟಿ ಸ್ಟೇಷನ್‌ನಲ್ಲಿ, ಜನ ಮೈಸೂರು ಗಾಡಿಗೆ ಕಾಯುವ ಕಡೆ, ಕಣ್ಣಿಗೆ ಬೀಳುವ ಹಾಗೆ.

ವಿಷಯ ಮೈಸೂರು ರಾಜಮನೆತನದ ಬೋಗಿಗಳದ್ದು. ಮಹಾರಾಜರ ಸಲೂನ್, ಅಂದರೆ ಅವರಿಗೇ ಮೀಸಲಾದ ಐಷಾರಾಮಿ ಬೋಗಿ, ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿದೆ. ಮಹಾರಾಣಿಯವರ 1899ರ ಸಲೂನ್ ಮೈಸೂರಿನ ರೈಲು ಮ್ಯೂಸಿಯಂನಲ್ಲಿದೆ. ಇವುಗಳ ಬಗ್ಗೆ ರೀಲ್ಸ್ ನೋಡಿದರೆ ತೇಗ, ಚಿನ್ನ, ದಂತ, ಆಹಾ ಓಹೋ, ಮುಗೀತು. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಇದು ಪೀಠೋಪಕರಣದ ಅಂಗಡಿಯವರು ಹೇಳುವ ಕಥೆ ಅಲ್ವಾ?

1899 ಅನ್ನೋ ಇಸವಿಯನ್ನೇ ನೋಡಿ. ಹತ್ತನೇ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. 1902ರಲ್ಲಿ ಮಗನ ಕೈಗೆ ಅಧಿಕಾರ ಬರುವ ತನಕ ರಾಜ್ಯ ನೋಡಿಕೊಂಡವರು ರೀಜೆಂಟ್ ಆಗಿದ್ದ ತಾಯಿ, ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿ. ಅಂದರೆ ಆ ಬೋಗಿ ಒಬ್ಬ ಹೆಂಗಸು ಮೈಸೂರನ್ನು ಆಳುತ್ತಿದ್ದ ಕಾಲದ್ದು. ಇದನ್ನು ಯಾರೂ ಹೇಳಲ್ಲ.

ಅದರೊಳಗೆ ಅಡುಗೆಮನೆ ಇತ್ತು, ಊಟದ ಜಾಗ ಇತ್ತು, ಶೌಚಾಲಯವೂ ಇತ್ತು. ಅದೇ ಕಾಲದಲ್ಲಿ ಕೆಳದರ್ಜೆ ಡಬ್ಬಿಯಲ್ಲಿ ಕೂತವರಿಗೆ ಶೌಚಾಲಯವೇ ಇರಲಿಲ್ಲ. 1909ರಲ್ಲಿ ಬಂಗಾಳದ ಓಖಿಲ್ ಚಂದ್ರ ಸೇನ್ ಅನ್ನುವವರು ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿ ಅಹಮದ್‌ಪುರ ಸ್ಟೇಷನ್‌ನಲ್ಲಿ ಇಳಿದರು. ಗಾರ್ಡ್ ಸೀಟಿ ಊದಿದ. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯಲ್ಲಿ ಪಂಚೆ ಹಿಡಿದು ಓಡಿ, ಎಲ್ಲರ ಮುಂದೆ ಬಿದ್ದು, ರೈಲೂ ತಪ್ಪಿತು. ಸಿಟ್ಟಲ್ಲಿ ಅವರು ಸಾಹಿಬ್‌ಗಂಜ್ ಕಚೇರಿಗೆ ಬರೆದ ಪತ್ರ ಈಗಲೂ ಹೆಸರುವಾಸಿ. (ರೈಲ್ವೆಯವರು ಪತ್ರ ಓದುತ್ತಾರೆ ಅನ್ನುವ ನಂಬಿಕೆ ನನಗೆ ಬಂದಿದ್ದೇ ಅದರಿಂದ.)

ಇನ್ನು ಬೋಗಿಯ ಕೆಳಗಿನ ಹಳಿಗೆ ಬರೋಣ, ಇದು ನನಗೆ ಜಾಸ್ತಿ ಮುಖ್ಯ. 1876ರಿಂದ 78ರ ತನಕ ಇಲ್ಲಿ ಭೀಕರ ಬರ ಬಿತ್ತು. ಹಳಬರು ಧಾತು-ಈಶ್ವರ ಬರ ಅನ್ನುತ್ತಿದ್ದದ್ದು ಅದನ್ನೇ. ಮೈಸೂರು ಸಂಸ್ಥಾನದಲ್ಲಿ ಸುಮಾರು ಐದರಲ್ಲಿ ಒಬ್ಬರು ಸತ್ತರು ಅಂತ ಲೆಕ್ಕ. ಬದುಕಿದವರಿಗೆ ಕೂಲಿ ಕೊಡಬೇಕು ಅಂತ ಕೈಗೆತ್ತಿಕೊಂಡ ಕೆಲಸಗಳಲ್ಲಿ ಬೆಂಗಳೂರು-ಮೈಸೂರು ರೈಲು ದಾರಿಯ ಮಣ್ಣು ಕೆಲಸವೂ ಒಂದು. ಬರ ಮುಗಿಯುವ ಹೊತ್ತಿಗೆ ಸಂಸ್ಥಾನದ ತಲೆ ಮೇಲೆ 80 ಲಕ್ಷ ರೂಪಾಯಿ ಸಾಲ. ಆ ಸಾಲ ಇಟ್ಟುಕೊಂಡೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1882ಕ್ಕೆ, ರೈಲು ಮೈಸೂರು ಮುಟ್ಟಿತು. ಹಸಿದವರು ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣಿನ ಮೇಲೆ ಆಮೇಲೆ ರಾಜರ ಸಲೂನ್ ಓಡಿತು. ರಾಜರನ್ನು ಹಂಗಿಸೋಕೆ ಇದನ್ನು ಹೇಳುತ್ತಿಲ್ಲ. ಎರಡೂ ಒಂದೇ ಕಥೆ ಅಂತ ಹೇಳುತ್ತಿದ್ದೇನೆ.

ಬೆಂಗಳೂರಲ್ಲೇ ಬೋರ್ಡು ಯಾಕೆ ಅಂದರೆ, ಆ ಹಳಿ ಮುಗಿಯುತ್ತಿದ್ದದ್ದು ಇಲ್ಲೇ. ಮದ್ರಾಸ್ ಕಡೆಯಿಂದ 1864ರಲ್ಲೇ ಕಂಟೋನ್ಮೆಂಟ್‌ಗೆ ಬಂದಿದ್ದದ್ದು ಎರಡು ಹಳಿಗಳ ನಡುವೆ 1676 ಮಿಲಿಮೀಟರ್ ಅಗಲ ಇರುವ ಬ್ರಾಡ್‌ಗೇಜ್. ಮೈಸೂರಿನದು 1000 ಮಿಲಿಮೀಟರ್‌ನ ಮೀಟರ್‌ಗೇಜ್. ಮಹಾರಾಜರ ಗಾಡಿಯೇ ಇರಲಿ, ಮಂಡ್ಯದ ರೈತನ ಗಾಡಿಯೇ ಇರಲಿ, ಮೀಟರ್‌ಗೇಜ್ ಚಕ್ರದ ಮೇಲೆ ಬಂದರೆ ಮದ್ರಾಸ್ ಹಳಿ ಹತ್ತುವ ಹಾಗಿರಲಿಲ್ಲ. ಈಗ ಮೈಸೂರು-ಚೆನ್ನೈ ವಂದೇ ಭಾರತ್‌ನಲ್ಲಿ ಕೂತು ಬೆಂಗಳೂರಲ್ಲಿ ಕಾಫಿ ಕುಡಿಯುತ್ತಾ ಮುಂದಕ್ಕೆ ಹೋಗುವವರಿಗೆ ಇದು ಗೊತ್ತಾಗಬೇಡವೇ?

ದೆಹಲಿಯ ಬೋಗಿಯನ್ನು ವಾಪಸ್ ತನ್ನಿ ಅಂತ ಸುಮ್ನೆ ಗಲಾಟೆ ಮಾಡಲ್ಲ. ಅಲ್ಲೇ ಜೋಪಾನವಾಗಿರಲಿ. ಸಿಟಿ ಸ್ಟೇಷನ್‌ನಲ್ಲಿ ಎರಡೂ ಸಲೂನ್‌ಗಳ ದೊಡ್ಡ ಫೋಟೋ ಹಾಕಿಸಿ, ನೆಲದ ಮೇಲೆ ಎರಡು ಗೇಜ್‌ಗಳ ಅಗಲಕ್ಕೆ ನಿಜವಾದ ಹಳಿ ತುಂಡು ಕೂರಿಸಿ. ಮಕ್ಕಳು ಕಾಲಿಟ್ಟು ಅಳೆದು ನೋಡಲಿ. ಪಕ್ಕದಲ್ಲಿ ಬರದ ಕೂಲಿಗಳ ಬಗ್ಗೆ, ಕೆಂಪನಂಜಮ್ಮಣ್ಣಿಯವರ ಬಗ್ಗೆ ನಾಲ್ಕು ಸಾಲು ಇರಲಿ. ಕನ್ನಡದಲ್ಲಿ ಮೊದಲು ಬರೆಸಿ, ದೆಹಲಿಯಿಂದ ಬಂದ ಹಿಂದಿಯನ್ನು ತರ್ಜುಮೆ ಮಾಡಿ ಅಂಟಿಸಬೇಡಿ. ಮತ್ತೆ ಕಲ್ಲಿಗೆ ಕೆತ್ತಿಸುವ ಮುಂಚೆ ಇಲ್ಲಿನ ಇತಿಹಾಸದ ಮೇಷ್ಟ್ರೊಬ್ಬರಿಗೆ ಕರಡು ತೋರಿಸಿ, ಯಾಕೆಂದರೆ ತಪ್ಪು ಇಸವಿ ಒಮ್ಮೆ ಗ್ರಾನೈಟ್ ಮೇಲೆ ಕೂತರೆ ಅದನ್ನು ತೆಗೆಸೋಕೆ ಇನ್ನೊಂದು ಟೆಂಡರ್ ಕರೆಯಬೇಕಾಗುತ್ತೆ.

ಇಂತಿ,
ಮೈಸೂರು ಗಾಡಿಯ ಒಬ್ಬ ಖಾಯಂ ಪ್ರಯಾಣಿಕ, ಬೆಂಗಳೂರು