ಹೆಮಟೈಟ್ ಹರಳುಗಳ ಹಿಂದಿರುವವರಿಗೆ

ಕಳೆದ ವಾರ ಮೌಖಿಕ ಪರೀಕ್ಷೆ ಮುಗಿದು, ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ಹರಳುಗಳನ್ನು ಒಂದೇ ಆಕಾರದಲ್ಲಿ ಬೆಳೆಸುವ ಬಗೆಗಿನ ನನ್ನ ಪಿಎಚ್.ಡಿ. ಪ್ರಬಂಧಕ್ಕೆ ಒಪ್ಪಿಗೆ ಸಿಕ್ಕಿತು. ಪ್ರಬಂಧದಲ್ಲಿ ಅಚ್ಚಾದ ಕೃತಜ್ಞತೆಯಲ್ಲಿ ಹೆಸರುಗಳು ಹುದ್ದೆಯ ಹಿರಿತನದ ಪ್ರಕಾರ ಕೂತಿವೆ. ಇಲ್ಲಿ ಆ ಹಂಗಿಲ್ಲ.

ಮೊದಲು ಅಪ್ಪನಿಗೆ. ಸಂಡೂರಿನ ಗಣಿಗಳಿಂದ ಕಬ್ಬಿಣದ ಅದಿರಿನ ಲಾರಿ ಓಡಿಸಿದ ಅವರಿಗೆ ಹೆಮಟೈಟ್ ಎಂದರೆ ಟನ್ನುಗಟ್ಟಲೆ ತೂಗುವ ಮಾಲು. "ಇಲ್ಲಿ ಬೇಕಾದಷ್ಟು ಬಿದ್ದಿದೆಯಲ್ಲಮ್ಮ, ಅಲ್ಲಿ ಕೂತು ಚಿಟಿಕೆ ಚಿಟಿಕೆ ಯಾಕೆ ಮಾಡುತ್ತೀಯ?" ಎಂದು ಒಮ್ಮೆ ಕೇಳಿದ್ದರು. ನ್ಯಾಯವಾದ ಪ್ರಶ್ನೆಯೇ. ಗಣಿಯ ಕಲ್ಲನ್ನು ಎಷ್ಟು ನುಣ್ಣಗೆ ಅರೆದರೂ ಕಣಗಳು ಒಂದೇ ಆಕಾರಕ್ಕೆ ಬರುವುದಿಲ್ಲ. ದ್ರಾವಣದಲ್ಲಿ ಹುಟ್ಟುವ ಹರಳನ್ನು ಮಾತ್ರ ಹಾಗೆ ಪಳಗಿಸಬಹುದು.

ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣದ ತಿಳಿ ಹಳದಿ ದ್ರಾವಣವನ್ನು ಸೀಸೆಯಲ್ಲಿ ಮುಚ್ಚಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಮೊದಲು ಕಂದುಹಳದಿ ರಾಡಿಯಾಗುತ್ತದೆ. ಅದು ಅಕಗನೇಯಿಟ್ ಎಂಬ ಇನ್ನೊಂದು ಕಬ್ಬಿಣದ ಖನಿಜ. ಅದು ನಿಧಾನವಾಗಿ ಕರಗುತ್ತ, ಅದರ ಕಬ್ಬಿಣ ಹೆಮಟೈಟ್ ಆಗಿ ತಳದಲ್ಲಿ ಕೆಂಪಗೆ ಕೂರುತ್ತದೆ. ಕಬ್ಬಿಣದ ಐವತ್ತರಲ್ಲೊಂದು ಪಾಲಿನಷ್ಟು ಫಾಸ್ಫೇಟನ್ನು ಮೊದಲೇ ಬೆರೆಸಿದ್ದರೆ, ಅದು ಹರಳಿನ ಪಕ್ಕದ ಮುಖಗಳಿಗೆ ಅಂಟಿಕೊಂಡು ಅಲ್ಲಿ ಬೆಳವಣಿಗೆಯನ್ನು ತಡೆಯುತ್ತದೆ. ಹರಳು ಉದ್ದಕ್ಕೇ ಬೆಳೆದು ಜೀರಿಗೆ ಕಾಳಿನಂತೆ ನಡು ದಪ್ಪ, ತುದಿ ಚೂಪಾಗುತ್ತದೆ. 1984ರಲ್ಲಿ ಅಮೆರಿಕದ ಕ್ಲಾರ್ಕ್ಸನ್ ವಿಶ್ವವಿದ್ಯಾಲಯದಲ್ಲಿದ್ದ ಎಗಾನ್ ಮಾತಿಯೆವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವಿದು. ಕಣ್ಣಾರೆ ಕಾಣದಿದ್ದರೂ ನನಗೆ ಅವರೂ ಗುರುಗಳೇ.

ಫಾಸ್ಫೇಟ್ ಮಿತಿಮೀರಿದರೆ ಹೆಮಟೈಟ್ ಹುಟ್ಟುವುದೇ ಕಷ್ಟ. ನನ್ನ ಮಾರ್ಗದರ್ಶಕಿ ಮೇಡಂ ಇದನ್ನು "ಆಸೆಬುರುಕತನ ಬೇಡ" ಎಂಬ ಎರಡೇ ಪದಗಳಲ್ಲಿ ಹೇಳಿಬಿಡುತ್ತಿದ್ದರು. ಅವರ ಬೈಗುಳಕ್ಕೂ, ಬೈದ ಮೇಲೆ ಕುಡಿಸುತ್ತಿದ್ದ ಕಾಫಿಗೂ ನಮಸ್ಕಾರ.

ಶಿಷ್ಯವೇತನ ತಿಂಗಳುಗಟ್ಟಲೆ ಬಾರದಿದ್ದಾಗ ಹಾಸ್ಟೆಲ್ಲಿನ ಗೆಳತಿಯರು ನನ್ನ ಮೆಸ್ ಬಿಲ್ ಕಟ್ಟಿದರು. ಒಬ್ಬರೂ ಒಮ್ಮೆಯೂ ನೆನಪಿಸಲಿಲ್ಲ. ಆ ದಿನಗಳಲ್ಲಿ ಊರಿಗೆ ವಾಪಸಾಗುವ ಯೋಚನೆ ಬಂದದ್ದು ನಿಜ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವ ಅಣ್ಣ, ಸಂಜೆ ಬೀಗ ಹಾಕುವ ಹೊತ್ತಿಗೆ ಹೋದರೂ ಮುಖ ಸಿಂಡರಿಸದೆ ನನ್ನ ಮಾದರಿಗಳನ್ನು ಒಳಗಿಟ್ಟರು. ಪರದೆಯ ತುಂಬ ಒಂದೇ ಅಳತೆಯ ಹರಳುಗಳು ಮೂಡಿದಾಗ "ಇವತ್ತು ಚೆನ್ನಾಗಿದೆ ಕಣಮ್ಮ" ಎಂದು ಮೊದಲು ಹೇಳಿದ್ದೂ ಅವರೇ. ಬಟ್ಟಿ ಇಳಿಸಿದ ನೀರು ಖಾಲಿಯಾಗದಂತೆ ನೋಡಿಕೊಂಡ ಪ್ರಯೋಗಾಲಯದ ಸಹಾಯಕರಿಗೆ ಯಾವ ಪ್ರಬಂಧದಲ್ಲೂ ಜಾಗವಿರುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ಸಾಂದ್ರತೆಗಳ ಪೂರ್ತಿ ಪಟ್ಟಿ, ಕೈಕೊಟ್ಟ ಪ್ರಯೋಗಗಳದ್ದೂ ಸೇರಿ, ನನ್ನ ಪ್ರಯೋಗಾಲಯದ ಟಿಪ್ಪಣಿ ಪುಸ್ತಕದಲ್ಲಿದೆ. ಇದೇ ಕೆಲಸಕ್ಕೆ ಇಳಿಯುವ ಕಿರಿಯರು ಸಂಕೋಚವಿಲ್ಲದೆ ಕೇಳಿ ಪಡೆಯಬಹುದು.